ನಿಪ್ಪಾಣಿ ದೇಸಾಯಿಯ ಉತ್ತರ ಎಲ್ಲಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಇತಿಹಾಸದ ಮಾತು ಬಂದಾಗಲೆಲ್ಲ ಓದಿಕೊಂಡವರ ಬಾಯಿಂದಲೇ ಎರಡು ಮಾತು ಬರುತ್ತವೆ. ಮೊದಲನೆಯದು, ನಮ್ಮಲ್ಲಿ ಬರೆದಿಡುವ ರೂಢಿಯೇ ಇರಲಿಲ್ಲ ಎಂಬುದು. ಇಲ್ಲಿಯ ದೇಸಾಯರು, ಜಾಗೀರದಾರರು ಕತ್ತಿ ಹಿಡಿದವರು; ಪತ್ರ ಬರೆಯುವುದು, ಪ್ರತಿ ಇಡುವುದು, ಮುಂದಿನವರಿಗೆ ದಾಟಿಸುವುದು ಅಮೆರಿಕ, ಇಂಗ್ಲೆಂಡಿನ ರಾಜಕಾರಣಿಗಳ ಕೆಲಸ; ನಮಗೆ ಉಳಿದದ್ದು ಲಾವಣಿ ಮತ್ತು ಗೀಗೀಪದ. ಎರಡನೆಯದು, ವಾಡೆಗಳ ಅಟ್ಟದಲ್ಲಿ ಒಂದಿಷ್ಟು ಕಾಗದ ಇದ್ದರೂ ಅವು ಮೋಡಿ ಲಿಪಿಯಲ್ಲಿವೆ, ಮರಾಠಿಯಲ್ಲಿವೆ, ಹೀಗಾಗಿ ಅವು ನಮ್ಮವಲ್ಲ ಎಂಬುದು. ಅವನ್ನು ಹೊರಗೆ ತೆಗೆದರೆ ಮಹಾರಾಷ್ಟ್ರದ ಜೊತೆಗಿನ ಗಡಿ ವಾದದಲ್ಲಿ ಕೋಲು ಕೊಟ್ಟು ಹೊಡೆಸಿಕೊಂಡಂತಾಗುತ್ತದೆ ಎನ್ನುತ್ತಾರೆ.

ಎರಡೂ ಮಾತು ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಈ ಎರಡು ಮಾತುಗಳನ್ನು ನಂಬಿಕೊಂಡೇ ನಾವು ಒಂದೂವರೆ ಶತಮಾನದ ಬದುಕನ್ನು ಗೆದ್ದಲಿಗೆ ಬಿಟ್ಟಿದ್ದೇವೆ. ಇನ್ನೊಂದು ತಲೆಮಾರು ಹೀಗೇ ನಡೆದರೆ ವಾದಿಸುವುದಕ್ಕೂ ಏನೂ ಉಳಿಯುವುದಿಲ್ಲ.

1803ರ ವಸಂತವನ್ನೇ ತೆಗೆದುಕೊಳ್ಳಿ. ಮಾರ್ಚ್ 9ಕ್ಕೆ ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ಹರಿಹರದಿಂದ ದಂಡು ಕಟ್ಟಿಕೊಂಡು ಹೊರಟ. ಓಡಿಹೋಗಿದ್ದ ಪೇಶ್ವೆ ಎರಡನೆಯ ಬಾಜೀರಾಯನನ್ನು ಮತ್ತೆ ಪುಣೆಯ ಗಾದಿಯ ಮೇಲೆ ಕೂರಿಸುವುದು ಅವನ ಕೆಲಸ. ತುಂಗಭದ್ರೆ, ಮಲಪ್ರಭೆ, ಘಟಪ್ರಭೆ ದಾಟಿ, ನಮ್ಮ ಸೀಮೆಯಲ್ಲೇ ಕೃಷ್ಣೆಯನ್ನೂ ದಾಟಿ, ಏಪ್ರಿಲ್ ಮೊದಲ ವಾರ ಮಿರಜ ಮುಟ್ಟಿದ. 20ರಂದು ಪುಣೆ ಸೇರಿದ. ದಾರಿಯುದ್ದಕ್ಕೂ ಕಾಗದ ಬರೆಯುತ್ತಲೇ ಇದ್ದ. ಎತ್ತುಗಳ ಲೆಕ್ಕ, ಅಕ್ಕಿಯ ಲೆಕ್ಕ, ಸಿಪಾಯಿಗಳು ಹಳ್ಳಿ ಲೂಟಿ ಮಾಡದಂತೆ ಕಟ್ಟುನಿಟ್ಟು, ಪಟವರ್ಧನ ಸರದಾರರನ್ನು ಮುನಿಯದಂತೆ ಹಿಡಿದಿಟ್ಟುಕೊಳ್ಳುವ ಉಪಾಯ, ಮಳೆಗಾಲದಲ್ಲಿ ಹೊಳೆ ದಾಟಲು ಬೇಕಾದ ಚರ್ಮ ಹೊದಿಸಿದ ಹರಿಗೋಲುಗಳು. ಮುಂದೆ ಈತನೇ ವೆಲಿಂಗ್ಟನ್ ಡ್ಯೂಕ್ ಆದ, 1828ರಲ್ಲಿ ಇಂಗ್ಲೆಂಡಿನ ಪ್ರಧಾನಿಯಾದ. 1834ರಿಂದ ಅವನ ಪತ್ರಗಳನ್ನು ಗುರ್ವುಡ್ ಎಂಬ ಅಧಿಕಾರಿ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ. ಮೂಲ ಕಾಗದಗಳು ಇವತ್ತು ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿವೆ.

ಆ ಪತ್ರಗಳಲ್ಲಿ ಮತ್ತೆ ಮತ್ತೆ ಒಬ್ಬ ನಮ್ಮ ಮನುಷ್ಯ ಬರುತ್ತಾನೆ. ಅಪ್ಪಾ ದೇಸಾಯಿ. ಪೂರ್ಣ ಹೆಸರು ಸಿದ್ದೋಜಿರಾವ ನಾಯಕ ನಿಂಬಾಳಕರ, ನಿಪ್ಪಾಣಿಯ ಸರಲಷ್ಕರ. ಬಾಪು ಗೋಖಲೆಯ ಜೊತೆ ಪೇಶ್ವೆಯ ಕುದುರೆದಂಡು ಕಟ್ಟಿಕೊಂಡು ವೆಲ್ಲೆಸ್ಲಿಯೊಂದಿಗೆ ದಖ್ಖನಿನ ದಂಡಯಾತ್ರೆಗೆ ಹೋದವನು. ಆ ದಂಡಿನ ಸಂಬಳದ ತಕರಾರು, ಪೇಶ್ವೆಗೆ ಈ ಸರದಾರರ ಮೇಲಿದ್ದ ಅಪನಂಬಿಕೆ, ಇವರನ್ನು ಕೈಬಿಟ್ಟರೆ ಆಗುವ ನಷ್ಟ, ಎಲ್ಲವನ್ನೂ ವೆಲ್ಲೆಸ್ಲಿಯ ಕಾಗದಗಳಲ್ಲಿ ಓದಬಹುದು. ದೇಸಾಯಿ ಹೀಗೆ ಕೇಳಿದ, ದೇಸಾಯಿ ಹಾಗೆ ನಡೆದುಕೊಂಡ ಎಂದೆಲ್ಲ ಇದೆ. ಎಲ್ಲವೂ ವೆಲ್ಲೆಸ್ಲಿ ಕಂಡದ್ದು, ವೆಲ್ಲೆಸ್ಲಿ ಅಂದದ್ದು.

ದೇಸಾಯಿ ಏನೆಂದ? ನೂರಾರು ಹರದಾರಿ ದೂರದ ದಂಡಿನಿಂದ ನಿಪ್ಪಾಣಿಗೆ, ನಿಪ್ಪಾಣಿಯಿಂದ ಪುಣೆಗೆ, ಪುಣೆಯಿಂದ ಮತ್ತೆ ದಂಡಿಗೆ ಕಾಗದ ಹೋಗದೆ ಸಾವಿರಾರು ಕುದುರೆಗಳ ಹುಲ್ಲು ಹುರುಳಿ ನಡೆಯಿತೇ? ಕಾರಕೂನನಿಲ್ಲದ ಸರದಾರ ಆ ಕಾಲದಲ್ಲಿ ಒಬ್ಬನೂ ಇರಲಿಲ್ಲ. ಪ್ರತಿ ಸರದಾರನಿಗೂ ಲೆಕ್ಕ ಇಡುವ ಫಡಣೀಸನಿದ್ದ, ಪತ್ರ ಬರೆಯುವ ಚಿಟಣೀಸನಿದ್ದ, ಪುಣೆ ದರಬಾರಿನಲ್ಲಿ ಸುದ್ದಿ ಹೆಕ್ಕುವ ವಕೀಲನಿದ್ದ, ಕಾಗದ ಹೊತ್ತು ಓಡುವ ಜಾಸೂದರಿದ್ದರು. ಬರೆಯದ ಜನ ನಾವಾಗಿರಲಿಲ್ಲ. ಬರೆದುದನ್ನು ಕಾಯದ ಜನ ಆಮೇಲೆ ಆದೆವು. ಈ ಎರಡಕ್ಕೂ ಇರುವ ಅಂತರವನ್ನು ಮರೆಸುವುದೇ ಮೊದಲನೆಯ ಮಾತಿನ ಕೆಲಸ, ಅದಕ್ಕೇ ಅದರ ಮೇಲೆ ನನಗೆ ಇಷ್ಟು ಸಿಟ್ಟು. ನಮ್ಮ ಅಲಕ್ಷ್ಯದ ತಪ್ಪನ್ನು ಅದು ಸತ್ತವರ ತಲೆಗೆ ಕಟ್ಟುತ್ತದೆ.

ಇನ್ನು ಅಮೆರಿಕದ ಉದಾಹರಣೆ. ಅದನ್ನು ನಮ್ಮವರು ಮಾತು ಮಾತಿಗೆ ಎತ್ತುವುದರಿಂದ ಅದನ್ನೂ ನೋಡೋಣ. ವೆಲ್ಲೆಸ್ಲಿ ಪುಣೆ ಸೇರಿದ ಹತ್ತು ದಿನಕ್ಕೆ, 1803ರ ಏಪ್ರಿಲ್ 30ಕ್ಕೆ, ಪ್ಯಾರಿಸ್ಸಿನಲ್ಲಿ ಅಮೆರಿಕದ ಲೂಸಿಯಾನ ಖರೀದಿಯ ಕರಾರಾಯಿತು. ಆಗ ಅಧ್ಯಕ್ಷನಾಗಿದ್ದವನು ಥಾಮಸ್ ಜೆಫರ್ಸನ್. ಅವನೂ ನಮ್ಮ ಅಪ್ಪಾ ದೇಸಾಯಿಯೂ ಒಂದೇ ಕಾಲದವರು. ಜೆಫರ್ಸನ್ ಬರೆದ ಪತ್ರಗಳು ಸುಮಾರು 19,000. ಇಷ್ಟು ಹೇಗೆ ಉಳಿದವು? 1783ರಿಂದ ಸಾಯುವವರೆಗೆ ಅವನು ಕಳಿಸಿದ ಮತ್ತು ಬಂದ ಕಾಗದಗಳ ಪಟ್ಟಿ ಇಟ್ಟ. ಒದ್ದೆ ಹಾಳೆಗೆ ಅಕ್ಷರ ಒತ್ತಿ ಪ್ರತಿ ತೆಗೆಯುವ ಯಂತ್ರ ಬಳಸಿದ. 1804ರಿಂದ ಒಂದೇ ಕೈಬರಹಕ್ಕೆ ಎರಡು ಲೇಖನಿ ಓಡುವ ಯಂತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡ. ಅವನು ಸತ್ತಮೇಲೆ ಆ ದೇಶ ಸುಮ್ಮನೆ ಕೂರಲಿಲ್ಲ. 1950ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಅವನ ಕಾಗದಗಳ ಮೊದಲ ಸಂಪುಟ ತಂದಿತು, ಆ ಮಾಲೆ ಇನ್ನೂ ನಡೆದಿದೆ. ವಾಷಿಂಗ್ಟನ್, ಫ್ರಾಂಕ್ಲಿನ್, ಆಡಮ್ಸ್, ಹ್ಯಾಮಿಲ್ಟನ್, ಮ್ಯಾಡಿಸನ್ ಎಲ್ಲರ ಪತ್ರಗಳೂ ಸೇರಿ 1,80,000ಕ್ಕೂ ಹೆಚ್ಚು ದಾಖಲೆಗಳು ಇವತ್ತು ಯಾರು ಬೇಕಾದರೂ ಪುಕ್ಕಟೆ ಓದುವಂತೆ ಅಂತರ್ಜಾಲದಲ್ಲಿವೆ. ಅಥಣಿಯ ಕಾಲೇಜು ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಜಾನ್ ಆಡಮ್ಸ್ 1812ರ ಜನವರಿ 1ರಂದು ಜೆಫರ್ಸನ್‌ಗೆ ಬರೆದ ಪತ್ರ ತೆರೆಯಬಲ್ಲಳು. ಹನ್ನೊಂದು ವರ್ಷದ ಮುನಿಸು ಮುರಿದು ಬರೆದ ಕಾಗದ ಅದು. ಅಲ್ಲಿಂದ ಇಬ್ಬರೂ 1826ರ ಜುಲೈ 4ರಂದು ಒಂದೇ ದಿನ ತೀರಿಕೊಳ್ಳುವತನಕ ನೂರೈವತ್ತಕ್ಕೂ ಹೆಚ್ಚು ಪತ್ರಗಳು ಓಡಾಡಿದವು. ಅದೇ ಹುಡುಗಿಗೆ ತನ್ನ ಊರನ್ನು ಆಳಿದ ದೇಸಾಯಿಯ ಒಂದು ಸಾಲು ಓದಲು ಸಿಗುವುದಿಲ್ಲ.

ಅವರ ಮನೆತನಗಳೂ ಹುಟ್ಟಾ ಜೋಪಾನಿಗಳೇನಲ್ಲ. ವಾಷಿಂಗ್ಟನ್ ಸತ್ತ ಮೇಲೆ ಹೆಂಡತಿ ಮಾರ್ಥಾ ತಮ್ಮಿಬ್ಬರ ಪತ್ರಗಳನ್ನು ಸುಟ್ಟುಹಾಕಿದಳು. ಕೈಬೆರಳಲ್ಲಿ ಎಣಿಸುವಷ್ಟೇ ಉಳಿದಿವೆ. ಜೆಫರ್ಸನ್ ಹೆಂಡತಿಯ ಪತ್ರಗಳನ್ನೂ ಉಳಿಸಲಿಲ್ಲ. ಅಲ್ಲಿಯೂ ನಾಚಿಕೆ ಇತ್ತು, ಭಯ ಇತ್ತು, ಒಲೆ ಇತ್ತು. ಆದರೂ ಉಳಿದದ್ದರ ಹಿಂದೆ ಪ್ರತಿ ತೆಗೆದ ಗುಮಾಸ್ತನ ಕೈ, ಕೊಂಡು ಕೂಡಿಟ್ಟ ಗ್ರಂಥಾಲಯದ ರೊಕ್ಕ, ಹತ್ತಾರು ವರ್ಷ ಕಣ್ಣು ನೋಯಿಸಿಕೊಂಡು ಸಂಪಾದಿಸಿದ ವಿದ್ವಾಂಸರ ದುಡಿಮೆ ಇವೆ. ಜನಾಂಗದ ಗುಣ ಎಂದು ಅದನ್ನು ವರ್ಣಿಸುವುದು ಆ ದುಡಿದವರಿಗೂ ಅಪಚಾರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅಮೆರಿಕದವರ ಪತ್ರಗಳಲ್ಲಿ ಸ್ವಾತಂತ್ರ್ಯ, ಸಂವಿಧಾನ, ಧರ್ಮ ಎಂಬ ದೊಡ್ಡ ವಿಚಾರಗಳಿವೆ. ನಮ್ಮ ಜಾಗೀರದಾರರ ಕಾಗದಗಳಲ್ಲಿ ಕುದುರೆ, ವಸೂಲಿ, ಮದುವೆ, ಭಾವಬಂದಿಕೆಯ ಜಗಳ ಬಿಟ್ಟರೆ ಏನಿದೆ ಎನ್ನುತ್ತಾರೆ. ಇದನ್ನು ಹೇಳುವವರು ಅಮೆರಿಕದ ಸಂಪುಟಗಳನ್ನು ತೆರೆದು ನೋಡಿರುವುದಿಲ್ಲ. ವಾಷಿಂಗ್ಟನ್ ಅಧ್ಯಕ್ಷನಾಗಿದ್ದಾಗಲೂ ತನ್ನ ಹೊಲಮನೆಯ ಮೇಲ್ವಿಚಾರಕನಿಗೆ ಉದ್ದುದ್ದ ಕಾಗದ ಬರೆಯುತ್ತಿದ್ದ: ಯಾವ ಹೊಲಕ್ಕೆ ಯಾವ ಬೀಜ, ಯಾವ ಬೇಲಿ ಬಿದ್ದಿದೆ, ಯಾರು ಮೈಗಳ್ಳತನ ಮಾಡಿದರು. ಜೆಫರ್ಸನ್ ನೇಗಿಲ ರೆಕ್ಕೆಯ ಆಕಾರದ ಬಗ್ಗೆ ಬರೆದ, ತೀರದ ಸಾಲದ ಬಗ್ಗೆ ಬರೆದ. ಸಂಪಾದಕರು ಅವನ್ನೂ ಬಿಡದೆ ಅಚ್ಚು ಹಾಕಿದರು. ಆ ಹೊಲದ ಕಾಗದಗಳಿಂದಲೇ ಇವತ್ತಿನ ಅಮೆರಿಕದ ಇತಿಹಾಸಕಾರರು ಆ ಮಹನೀಯರ ಹೊಲದಲ್ಲಿ ದುಡಿದ ಗುಲಾಮರ ಹೆಸರು, ವಯಸ್ಸು, ಕೆಲಸ, ಕುಟುಂಬಗಳನ್ನು ಹೆಕ್ಕಿ ತೆಗೆದದ್ದು. ಸ್ವಾತಂತ್ರ್ಯದ ಮೇಲೆ ಬರೆದ ಪತ್ರದಲ್ಲಿ ಅವರ ಹೆಸರಿಲ್ಲ. ಬೀಜ ಬೇಲಿಗಳ ಪತ್ರದಲ್ಲಿದೆ.

ನಮ್ಮ ವಸೂಲಿ ಕಾಗದಗಳ ಬೆಲೆಯೂ ಅಲ್ಲೇ ಇದೆ. ಈ ಭಾಗದ ಒಂದು ಹಳೆಯ ವಾಡೆಯಲ್ಲಿ ಕಟ್ಟೊಂದನ್ನು ಬಿಚ್ಚಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಕೆಂಪು ರುಮಾಲು, ಮೇಲೆ ಹಗ್ಗ, ಒಳಗೆ ಕೈಕಾಗದದ ಉದ್ದನೆಯ ಪಟ್ಟಿಗಳು. ಅಂಚನ್ನೆಲ್ಲ ಗೆದ್ದಲು ತಿಂದಿತ್ತು. ಕಾಡಿಗೆಯ ಶಾಯಿ ಮಾತ್ರ ನಿನ್ನೆ ಬರೆದಂತೆ ಕಪ್ಪಗಿತ್ತು. ಮೋಡಿ ಬರೆಯುವವನು ಮೊದಲು ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆಯುತ್ತಾನೆ, ಆಮೇಲೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತ ಹೋಗುತ್ತಾನೆ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಓದಬಲ್ಲ ಗೆಳೆಯರೊಬ್ಬರು ಬೆರಳಿಟ್ಟು ಒಂದೊಂದೇ ಬಿಡಿಸಿದರು. ಭಾಷೆ ಮರಾಠಿ, ತಿಂಗಳು ಹಿಜರಿ, ಕೊನೆಗೆ ಮೊಹರು. ಆದರೆ ಆ ಗೆರೆಯ ಕೆಳಗೆ ಸಾಲುಸಾಲಾಗಿ ಬಂದ ಹೊಲದ ಹೆಸರುಗಳು ಮರಡಿ, ಹಳ್ಳ, ಬಾವಿತೋಟ; ಅಳತೆ ಕೂರಿಗೆಯ ಲೆಕ್ಕ; ರೈತರ ಮನೆತನದ ಹೆಸರುಗಳು ಇವತ್ತಿಗೂ ಅದೇ ಊರಿನ ಮತದಾರರ ಪಟ್ಟಿಯಲ್ಲಿರುವಂಥವು. ಮನೆಯ ಹಿರಿಯರು ಹೇಳಿದರು: "ಇವೆಲ್ಲಾ ಮೋಡಿ ಕಾಗದ ಅದಾವ್ರೀ ಸರ, ಯಾರಿಗಿ ಓದಾಕ ಬರ್ತೈತಿ? ಹೊರಗ ತಗದ್ರ ನಾಳೆ ಯಾವ ತಂಟೆ ಬರ್ತೈತೋ ಅಂತ ಅಜ್ಜಾರ ಕಾಲದಿಂದ ಹಂಗ ಇಟ್ಟೇವಿ."

ಅವರ ಭಯ ನನಗೆ ಅರ್ಥವಾಗುತ್ತದೆ. ವತನ ಹೋಯಿತು, ಇನಾಮು ಹೋಯಿತು, 1974ರ ಭೂಸುಧಾರಣೆಯಲ್ಲಿ ಹೊಲ ಹೋಯಿತು. ಪ್ರತಿ ಸಲವೂ ಕಾಗದ ಎಂದರೆ ಕಚೇರಿ, ಕಚೇರಿ ಎಂದರೆ ವಕೀಲ. ಕಾಗದ ಮುಚ್ಚಿಟ್ಟ ಮನೆಗಳನ್ನು ನಾನು ದೂರುವುದಿಲ್ಲ. ನನ್ನ ಜಗಳ ಆ ಭಯಕ್ಕೆ ವಿದ್ವತ್ತಿನ ಬಣ್ಣ ಬಳಿದು, ಮೋಡಿ ಅಂದರೆ ಮಹಾರಾಷ್ಟ್ರ, ಮುಟ್ಟಬೇಡಿ ಎಂದು ವೇದಿಕೆಯ ಮೇಲೆ ಹೇಳುವವರ ಜೊತೆ.

ಈ ವಾದ ಎಷ್ಟು ಪೊಳ್ಳು ಎಂಬುದನ್ನು ಕಾಣಲು ನಾಲ್ಕು ಹೆಜ್ಜೆ ಆಚೆ ಹೋದರೆ ಸಾಕು. ಮಹಾರಾಷ್ಟ್ರದಲ್ಲಿರುವ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡಿಗರು ನಮ್ಮವರು ಎನ್ನುತ್ತೇವೆ. 1966ರ ಅಕ್ಟೋಬರಿನಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಆ ಭಾಗಗಳನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದದ್ದನ್ನು ಇವತ್ತಿಗೂ ಎತ್ತಿ ಹೇಳುತ್ತೇವೆ. ಆ ಜತ್ತ, ಅಕ್ಕಲಕೋಟೆ ಸಂಸ್ಥಾನಗಳ ದಫ್ತರವೂ ಮೋಡಿಯದೇ. ಮೋಡಿ ಬರೆದಲ್ಲೆಲ್ಲ ಮಹಾರಾಷ್ಟ್ರ ಎಂದು ಒಪ್ಪಿಕೊಂಡವನು ಜತ್ತದ ಕನ್ನಡಿಗನನ್ನು ತಾನೇ ಕೈಬಿಟ್ಟಂತಾಯಿತು. ಅದೇ ಆಯೋಗ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬಹುದು ಎಂದಿತು, ಬೆಳಗಾವಿ ಮೈಸೂರಿಗೇ ಇರಲಿ ಎಂದಿತು. ಅದು ತೂಗಿದ್ದು ಜನಗಣತಿಯ ಭಾಷಾ ಅಂಕಿಗಳನ್ನು, ಊರಿಗೆ ಊರು ಹೊಂದಿಕೊಂಡಿದೆಯೇ ಎಂಬುದನ್ನು. ದೇಸಾಯಿಯ ಚಿಟಣೀಸ ಯಾವ ಲಿಪಿಯಲ್ಲಿ ಬರೆದ ಎಂಬುದು ಲೆಕ್ಕಕ್ಕೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ದಾವೆಯೂ ರಾಜ್ಯ ಪುನರ್ವಿಂಗಡಣೆಯ ಕಾನೂನಿನ ಸುತ್ತಲಿನದು. ಇನ್ನೂರು ವರ್ಷದ ಹಿಂದಿನ ಕುದುರೆ ಹುಲ್ಲಿನ ಲೆಕ್ಕದಿಂದ ಒಂದು ಗುಂಟೆ ನೆಲವೂ ಆಚೆ ಈಚೆ ಆಗುವುದಿಲ್ಲ.

ಆಳುವವರ ಬರಹದ ಭಾಷೆ ಒಂದು, ಆಳಿಸಿಕೊಂಡವರ ಮಾತು ಇನ್ನೊಂದು ಎಂಬುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಆದಿಲಶಾಹಿಯ ಕಾಗದ ಪಾರಸಿಯಲ್ಲಿ ನಡೆಯಿತು. ಬಿಜಾಪುರದ ಇತಿಹಾಸ ಇರಾನಿನದು ಎಂದು ಯಾರೂ ಬಿಟ್ಟುಕೊಟ್ಟಿಲ್ಲ. ಟಿಪ್ಪು ತನ್ನ ಅಧಿಕಾರಿಗಳಿಗೆ ಪಾರಸಿಯಲ್ಲಿ ಬರೆದ ಪತ್ರಗಳನ್ನು 1811ರಲ್ಲಿ ಕಿರ್ಕ್‌ಪ್ಯಾಟ್ರಿಕ್ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಓದುವವರು ಅದನ್ನೇ ಓದಿ ಟಿಪ್ಪುವನ್ನು ತೂಗಿದರು. ಅನಂತರ 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ಕಡತಗಳಲ್ಲಿ ಟಿಪ್ಪು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳನ್ನು ಕಂಡರು. 1791ರಲ್ಲಿ ಪರಶುರಾಮಭಾವು ಪಟವರ್ಧನನ ದಂಡಿನ ಕುದುರೆಯವರು ಮಠವನ್ನು ಲೂಟಿ ಮಾಡಿದ ಮೇಲೆ ಬರೆದ ಪತ್ರಗಳೂ ಅವುಗಳಲ್ಲಿವೆ. ಅಲ್ಲಿಂದ ಮುಂದೆ ಟಿಪ್ಪುವಿನ ಬಗ್ಗೆ ಪರವೋ ವಿರೋಧವೋ ಯಾರೇ ವಾದಿಸಲಿ, ಆ ಪತ್ರಗಳನ್ನು ದಾಟಿ ಹೋಗಲು ಆಗಿಲ್ಲ. ಮಠದವರು ಆ ಕಟ್ಟನ್ನು ಬಿಚ್ಚಲು ಹಿಂಜರಿದಿದ್ದರೆ?

ಆ ಪಟವರ್ಧನರು ನಮಗೆ ದೂರದವರಲ್ಲ. ಕಾಗವಾಡ ತಾಲೂಕಿನ ಶೇಡಬಾಳ ಕುರುಂದವಾಡದ ಪಟವರ್ಧನ ಮನೆತನದಿಂದ ಬೇರೆಯಾದ ಶಾಖೆಯ ಜಾಗೀರಾಗಿತ್ತು. 1857ರಲ್ಲಿ ವಾರಸಿಲ್ಲವೆಂದು ಸರಕಾರಕ್ಕೆ ಸೇರಿತು. ಇನ್ನು ಪಟವರ್ಧನರ ಕಾಗದಗಳ ಕಥೆಯನ್ನು ಕೇಳಿದರೆ ನಮ್ಮವರ 'ಇಲ್ಲ' ಎಂಬ ಮಾತಿಗೆ ನಿಲ್ಲಲು ನೆಲವೇ ಉಳಿಯುವುದಿಲ್ಲ. ಕಾಗವಾಡದಿಂದ ಮಿರಜ ಕೂಗಳತೆಯಷ್ಟೇ ದೂರ. ಆ ಮಿರಜದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಾಸುದೇವಶಾಸ್ತ್ರಿ ಖರೆ ಎಂಬ ಮಾಸ್ತರರು ಪಟವರ್ಧನರ ವಾಡೆಗಳ ದಫ್ತರ ಬಿಚ್ಚಿದರು. ಶಾಲೆ ಮುಗಿಸಿ ಬಂದು ಒಂದೊಂದೇ ಮೋಡಿ ಕಾಗದವನ್ನು ಓದಿ, ಬಾಳಬೋಧ (ದೇವನಾಗರಿ) ಲಿಪಿಗೆ ಇಳಿಸಿ, 1897ರಿಂದ 'ಐತಿಹಾಸಿಕ ಲೇಖಸಂಗ್ರಹ' ಎಂಬ ಮಾಲೆಯಾಗಿ ಅಚ್ಚು ಹಾಕಿಸತೊಡಗಿದರು. ಹೈದರ, ಟಿಪ್ಪು, ಪಟವರ್ಧನರ ನಡುವಿನ ಕಾಳಗಗಳ ಬಗ್ಗೆ, ಅಂದರೆ ನಮ್ಮದೇ ಧಾರವಾಡ, ಬಾದಾಮಿ, ಸವಣೂರುಗಳ ಬಗ್ಗೆ ಇವತ್ತು ಯಾರು ಗಂಭೀರವಾಗಿ ಬರೆಯಲು ಕೂತರೂ ಆ ಸಂಪುಟಗಳನ್ನು ಮುಟ್ಟಲೇಬೇಕು. ವಿಶ್ವನಾಥ ಕಾಶಿನಾಥ ರಾಜವಾಡೆ 1898ರಲ್ಲಿ ತಮ್ಮ ಮೊದಲ ಸಂಪುಟ ತಂದು ಊರೂರು ಅಲೆದರು. 1930ರ ದಶಕದಲ್ಲಿ ಗೋವಿಂದ ಸಖಾರಾಮ ಸರದೇಸಾಯಿ ಪೇಶ್ವೆ ದಫ್ತರದಿಂದ ಆಯ್ದ ಕಾಗದಗಳ 45 ಸಂಪುಟ ತಂದರು. ಒಬ್ಬರೂ ಅಮೆರಿಕಕ್ಕೆ ಹೋಗಿ ಕಲಿತವರಲ್ಲ.

ಮಿರಜದ ಮಾಸ್ತರರು ಮಾಡಿದ್ದನ್ನು ನಿಪ್ಪಾಣಿಯಲ್ಲಿ, ಅಥಣಿಯಲ್ಲಿ, ಚಿಕ್ಕೋಡಿಯಲ್ಲಿ ಕನ್ನಡದ ಮಾಸ್ತರರು ಏಕೆ ಮಾಡಲಿಲ್ಲ? ಇದಕ್ಕೆ ಪ್ರಾಮಾಣಿಕ ಉತ್ತರ ಬೇಕು. ಕನ್ನಡ ಸಂಶೋಧನೆ ಕಲ್ಲನ್ನು ಪ್ರೀತಿಸಿತು. ಅದು ದೊಡ್ಡ ಕೆಲಸ. ರಾಯಬಾಗದ ರಟ್ಟರ ಶಾಸನಗಳಿಗಾಗಿ ನಾನೂ ಆ ವಿದ್ವಾಂಸರಿಗೆ ಕೈ ಮುಗಿಯುತ್ತೇನೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಹುಟ್ಟಿದ್ದೇ ಈ ಹುರುಪಿನಲ್ಲಿ. ಆದರೆ ಕಲ್ಲಿನ ಬರಹ ಕನ್ನಡ, ಕಾಗದದ ಬರಹ ಮರಾಠಿ ಎಂಬ ಕಾರಣಕ್ಕೆ ನಮ್ಮ ಕುತೂಹಲ ಶಾಸನ ಮುಗಿದ ಕಡೆ ಮುಗಿಯಿತು. ಇತ್ತ ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಮರಾಠಿಯ ಒತ್ತಿನಿಂದ ಕನ್ನಡ ಶಾಲೆಗಳನ್ನು ಬಿಡಿಸಿಕೊಳ್ಳಲು ಬಡಿದಾಡಿದ ನೆನಪು ಹಸಿಯಾಗಿತ್ತು. ಆ ಹೋರಾಟ ನ್ಯಾಯದ್ದು. ಶಾಲೆಯಲ್ಲಿ ಮರಾಠಿ ಬೇಡವೆಂದ ನ್ಯಾಯ, ಅಟ್ಟದ ಮೇಲಿನ ಕಾಗದವೂ ಬೇಡವೆಂಬ ಅನ್ಯಾಯವಾಗಿ ಯಾವಾಗ ತಿರುಗಿತೋ ನಾವು ಗಮನಿಸಲಿಲ್ಲ. ಫಲವಾಗಿ ರಟ್ಟರ ಕಾಲದ ರಾಯಬಾಗದ ಬಗ್ಗೆ ನಾವು ಬರೆಯಬಲ್ಲೆವು, 1780ರ ರಾಯಬಾಗದ ಬಗ್ಗೆ ಬರೆಯಲಾರೆವು.

1780ರ, 1820ರ, 1890ರ ರಾಯಬಾಗ ಬೇಕಾದವರು ಕೊಲ್ಹಾಪುರಕ್ಕೆ ಹೋಗಬೇಕು. ಸ್ವಾತಂತ್ರ್ಯದವರೆಗೂ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಅದರ ಕಾಗದ ಅಲ್ಲಿಯ ದಫ್ತರಖಾನೆಯಲ್ಲಿದೆ. ಚಿಕ್ಕೋಡಿಗಾಗಿ ಕೊಲ್ಹಾಪುರವೂ ನಿಪ್ಪಾಣಿಯೂ ವರ್ಷಗಟ್ಟಲೆ ಹೊಡೆದಾಡಿದವು. ಮರಾಠರ ಕೊನೆಯ ಯುದ್ಧ ಮುಗಿದಾಗ ಕಂಪನಿ ಸರಕಾರ ಚಿಕ್ಕೋಡಿ ಮತ್ತು ಮನೋಳಿಗಳನ್ನು ನಿಪ್ಪಾಣಿಯಿಂದ ಕಿತ್ತು ಕೊಲ್ಹಾಪುರಕ್ಕೆ ಕೊಟ್ಟಿತು, ಹತ್ತು ವರ್ಷ ತುಂಬುವುದರೊಳಗೆ ಹಿಂದಕ್ಕೆ ಪಡೆಯಿತು. ಪ್ರತಿ ಸಲ ಊರು ಕೈ ಬದಲಾದಾಗಲೂ ಗೌಡ, ಕುಲಕರ್ಣಿಗಳಿಗೆ ಹೊಸ ಹುಕುಂ, ಹೊಸ ಜಮಾಬಂದಿ, ಹಳೆಯ ಬಾಕಿಗೆ ಎರಡೂ ಕಡೆಯಿಂದ ತಗಾದೆ. ಆ ಹತ್ತು ವರ್ಷ ಚಿಕ್ಕೋಡಿಯ ರೈತ ಹೇಗೆ ಬದುಕಿದ? ಕಂಪನಿಯ ಅಧಿಕಾರಿ ಥಾಮಸ್ ಮನ್ರೋನ ಪತ್ರಗಳು 1830ರಲ್ಲೇ ಅಚ್ಚಾದವು, ಅವನ ಕಾಗದಗಳೂ ಇನ್ನೊಬ್ಬ ಅಧಿಕಾರಿ ಎಲ್ಫಿನ್‌ಸ್ಟನ್‌ನ ಕಾಗದಗಳೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸೀಮೆಯನ್ನು ಹಂಚಿದವರು ಏನು ಯೋಚಿಸಿದರು ಎಂಬುದು ಅಲ್ಲಿ ಸಿಗುತ್ತದೆ. ಹಂಚಿಸಿಕೊಂಡವರ ಕಡೆಯ ಮಾತು ಸಿಗಬೇಕಾದರೆ ನಮ್ಮ ವಾಡೆ, ಕುಲಕರ್ಣಿ ಮನೆ, ಮಠಗಳ ಕಟ್ಟುಗಳೇ ಗತಿ. 1839ರಲ್ಲಿ ಅಪ್ಪಾ ದೇಸಾಯಿ ಸಿದ್ದೋಜಿರಾವ ಗಂಡು ಸಂತಾನವಿಲ್ಲದೆ ತೀರಿಕೊಂಡ, ಸಂಸ್ಥಾನ ಕಂಪನಿಯ ಪಾಲಾಯಿತು. ಆಳಿದ ಮನೆ ಮುರಿದ ಮೇಲೆ ಕಾಗದ ಕಾಯುವ ಸಂಬಳದ ಕಾರಕೂನನೂ ಹೋದ. ಅಂಥ ಕಡೆ ಕಾಯುವ ಹೊಣೆ ಊರಿನದು.

ಇಂಗ್ಲಿಷ್ ದಾಖಲೆ ಸಾಲದೇ ಎನ್ನುವವರಿಗೆ ಅಮೆರಿಕದ್ದೇ ಒಂದು ಜೋಡಿ ಪತ್ರ ತೋರಿಸುತ್ತೇನೆ. 1791ರ ಆಗಸ್ಟ್ 19ರಂದು ಬೆಂಜಮಿನ್ ಬ್ಯಾನೆಕರ್ ಎಂಬ ಕಪ್ಪು ಜನಾಂಗದ ಗಣಿತಜ್ಞ ತಾನು ಗುಣಿಸಿದ ಪಂಚಾಂಗದ ಜೊತೆ ಜೆಫರ್ಸನ್‌ಗೆ ಕಾಗದ ಬರೆದ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ನೀವೇ ಗುಲಾಮರನ್ನು ಇಟ್ಟುಕೊಂಡಿರುವುದು ಹೇಗೆ ಸರಿ ಎಂದು ನೇರವಾಗಿ ಕೇಳಿದ. ಆಗಸ್ಟ್ 30ಕ್ಕೆ ಜೆಫರ್ಸನ್ ಸೌಜನ್ಯದ, ಆದರೆ ಪ್ರಶ್ನೆಯನ್ನು ಜಾರಿಸಿದ ಪುಟ್ಟ ಉತ್ತರ ಕೊಟ್ಟ. ಬ್ಯಾನೆಕರ್‌ನ ಕಾಗದ ಕಳೆದುಹೋಗಿ ಜೆಫರ್ಸನ್‌ನ ಉತ್ತರ ಮಾತ್ರ ಉಳಿದಿದ್ದರೆ ಅದನ್ನು ದೊಡ್ಡ ಮನುಷ್ಯನ ದೊಡ್ಡ ಮನಸ್ಸು ಎಂದು ಓದುತ್ತಿದ್ದೆವು. ಎರಡೂ ಉಳಿದದ್ದರಿಂದ ಸತ್ಯ ತಿಳಿಯಿತು. ಅಪ್ಪಾ ದೇಸಾಯಿಯನ್ನೂ ಅವನ ಕೈಕೆಳಗಿನ ರೈತರನ್ನೂ ಬರೀ ವೆಲ್ಲೆಸ್ಲಿ, ಮನ್ರೋ, ಎಲ್ಫಿನ್‌ಸ್ಟನ್‌ರ ಕಣ್ಣಿನಿಂದ ನೋಡಿ ತೃಪ್ತರಾಗುವುದು ಅರ್ಧ ಕಾಗದ ಓದಿ ಸಹಿ ಹಾಕುವ ಕೆಲಸ.

ದೇಸಾಯಿ, ಪಟವರ್ಧನರ ಕಾಗದ ಉಳಿಸಿ ಮತ್ತೆ ಅದೇ ಮೇಲಿನವರ ವೈಭವ ಹಾಡಬೇಕೇ ಎಂದು ಕೆಲವು ಕಿರಿಯ ಗೆಳೆಯರು ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಬೆಲೆ ಕೊಡುತ್ತೇನೆ. ಹಾಡುವುದಕ್ಕೆ ಲಾವಣಿ ಸಾಕು, ಕಾಗದ ಬೇಡವೇ ಬೇಡ. ವೆಟ್ಟಿಚಾಕರಿ ಯಾರ ಮನೆಯಿಂದ, ಎಷ್ಟು ದಿನ ಮಾಡಿಸಲಾಯಿತು, ಬರಗಾಲದಲ್ಲಿ ಯಾರ ಕಾಳು ಜಪ್ತಿಯಾಯಿತು ಎಂಬುದನ್ನು ಲಾವಣಿ ಹೇಳದು, ವಸೂಲಿಯ ಕಾಗದ ಹೇಳುತ್ತದೆ. ಇನ್ನೊಂದು ಮಾತು. ಹೊಸ ರಾಷ್ಟ್ರ ಕಟ್ಟಿದವರ ಪತ್ರಗಳ ವಿಷಯ ಬಂದರೆ ನಿಪ್ಪಾಣಿಗೆ ಅರಮನೆಗಿಂತ ಹತ್ತಿರದ ನಂಟೊಂದಿದೆ. 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತು ನಿಪ್ಪಾಣಿಯಲ್ಲಿ ಸೇರಿತು, ಅಧ್ಯಕ್ಷತೆ ಡಾ. ಬಾಬಾಸಾಹೇಬ ಅಂಬೇಡ್ಕರರದು. ಮುಂದೆ ಸಂವಿಧಾನ ಬರೆದವರು ವೈಕಂ ಸತ್ಯಾಗ್ರಹದ ಬಗ್ಗೆ, ಗಾಂಧೀಜಿಯ ಬಗ್ಗೆ ಮಾತಾಡಿದ್ದು ಈ ತಂಬಾಕಿನ ಊರಿನಲ್ಲಿ. ಅಂಥ ಪರಿಷತ್ತು ಬಾಯಿಮಾತಿನಲ್ಲಿ ಸೇರುವುದಿಲ್ಲ. ಆಮಂತ್ರಣ, ಒಪ್ಪಿಗೆ, ರೈಲಿನ ಸಮಯ, ಚಂದಾ ಲೆಕ್ಕ ಎಲ್ಲಕ್ಕೂ ಅಂಚೆಯ ಕಾಗದ ಬೇಕು. ಅಂಬೇಡ್ಕರರ ಬರಹ ಭಾಷಣಗಳನ್ನು ಮಹಾರಾಷ್ಟ್ರ ಸರಕಾರ 1979ರಿಂದ ಸಂಪುಟಗಳಾಗಿ ತಂದಿದೆ, ಅವರ ಪತ್ರಗಳಿಗೂ ಅಲ್ಲಿ ಜಾಗ ಸಿಕ್ಕಿದೆ. ಅವರಿಗೆ ಈ ಸೀಮೆಯ ಕಾರ್ಯಕರ್ತರು ಬರೆದದ್ದು? ಮುಂಬಯಿಯಿಂದ ಬಂದ ಒಂದು ಕಾರ್ಡನ್ನು ಟ್ರಂಕಿನ ತಳದಲ್ಲಿ, ದೇವರ ಪಟದ ಹಿಂದೆ ಇಟ್ಟುಕೊಂಡ ಮನೆಗಳು ಇಲ್ಲಿಯ ಕೇರಿಗಳಲ್ಲಿ ಇದ್ದರೆ ಆಶ್ಚರ್ಯವಿಲ್ಲ. ಆ ಮನೆಗಳನ್ನು ಕೇಳಲು ಹೋದವರು ಎಷ್ಟು ಜನ? ನಮ್ಮಲ್ಲಿ ಕಾಗದವಿಲ್ಲ ಎಂಬ ಮಾತಿನ ಹಾನಿ ವಾಡೆಗಿಂತ ಕೇರಿಗೆ ಹೆಚ್ಚು. ವಾಡೆಗೆ ಕಲ್ಲಿನ ಗೋಡೆಯಾದರೂ ಉಳಿದಿದೆ.

ಹೀಗಾಗಿ ನಾನು ಕೇಳುವುದು ಇಷ್ಟು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ, ಚಿಕ್ಕೋಡಿ, ಅಥಣಿ, ನಿಪ್ಪಾಣಿಯ ಕಾಲೇಜುಗಳಲ್ಲಿ ಇತಿಹಾಸ ಓದುವವರಿಗೆ ಮೋಡಿ ಕಲಿಸಿ, ಕನ್ನಡದ ಮೂಲಕ ಕಲಿಸಿ. ಮರಾಠಿ ಬಲ್ಲ ಕನ್ನಡಿಗರು ಈ ಸೀಮೆಯಲ್ಲಿ ಮನೆ ಮನೆಗೂ ಇದ್ದಾರೆ. ಮೋಡಿಯ ಅಕ್ಷರ ಕೂತರೆ ಅವರಿಗಿಂತ ಚೆನ್ನಾಗಿ ಈ ಕಾಗದ ಓದುವವರು ಇನ್ನೊಬ್ಬರಿಲ್ಲ, ಏಕೆಂದರೆ ಅದರೊಳಗಿನ ಊರು, ಹೊಲ, ಅಡ್ಡಹೆಸರು ಅವರದೇ. ಮಾಲೀಕತ್ವ ಮನೆಯವರದೇ ಇರಲಿ, ಕಟ್ಟು ಅವರ ಅಟ್ಟದಲ್ಲೇ ಇರಲಿ. ಫೋಟೋ ತೆಗೆದು ಪ್ರತಿ ಇಡಲು ಒಪ್ಪಿಸಿ. ಆಸ್ತಿಯ ತಂಟೆಗೆ ಬಳಸುವುದಿಲ್ಲವೆಂದು ಬರೆದುಕೊಡಿ. ಕೊಲ್ಹಾಪುರ ಮತ್ತು ಪುಣೆಯ ದಫ್ತರಗಳಲ್ಲಿರುವ ನಮ್ಮ ಐದು ತಾಲೂಕುಗಳ ಕಾಗದಗಳ ಪಟ್ಟಿಯನ್ನಾದರೂ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ತರಿಸಿಕೊಳ್ಳಲಿ. ಗಡಿಯ ಹೆಸರಿನಲ್ಲಿ ಸಮ್ಮೇಳನಕ್ಕೆ, ಕಮಾನಿಗೆ, ನಾಮಫಲಕಕ್ಕೆ ಖರ್ಚಾಗುವ ಹಣದಲ್ಲಿ ಒಂದು ವರ್ಷದ ಪಾಲನ್ನು ಇದಕ್ಕೆ ಕೊಟ್ಟರೂ ಕೆಲಸ ಶುರುವಾಗುತ್ತದೆ.

ಕೆಲಸ ಮಾಡಬೇಕಾದವರು ಸರಕಾರದವರೇ ಆಗಬೇಕೆಂದೂ ಇಲ್ಲ. ಖರೆ ಮಾಸ್ತರರಿಗೆ ಯಾವ ಸಮಿತಿಯ ನೇಮಕವೂ ಇರಲಿಲ್ಲ. ಮೋಡಿ ಓದಬಲ್ಲ ಮುದುಕರು ನಮ್ಮ ಸೀಮೆಯಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ನಿವೃತ್ತ ತಲಾಠಿಗಳು, ಕುಲಕರ್ಣಿ ಮನೆತನದವರು, ಅಡತಿ ಅಂಗಡಿಯ ಹಳೆಯ ಗುಮಾಸ್ತರು. ಅವರ ಎದುರು ಒಂದು ಕಟ್ಟು ಬಿಚ್ಚಿಟ್ಟು ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೂರಿಸುವುದಕ್ಕೆ ಇವತ್ತು ಸಂಜೆಯೇ ಸಾಧ್ಯವಿದೆ.